ಸುಂಕದ ಆದ್ಯತೆ: ಜಿಎಸ್‌ಪಿ ಕುರಿತು ಪರೀಕ್ಷಾ ಟಿಪ್ಪಣಿ

1. ಅರ್ಥ: ಜಿಎಸ್‌ಪಿ ಎಂದರೆ ಸಾಮಾನ್ಯೀಕೃತ ಆದ್ಯತಾ ಪದ್ಧತಿ; ಅಭಿವೃದ್ಧಿಶೀಲ ರಾಷ್ಟ್ರಗಳ ಸರಕಿಗೆ ಮುಂದುವರಿದ ರಾಷ್ಟ್ರಗಳು, ಪ್ರತಿಫಲವನ್ನಪೇಕ್ಷಿಸದೆ, ಆಮದು ಸುಂಕದಲ್ಲಿ ನೀಡುವ ರಿಯಾಯಿತಿ.

2. ಕಾಲಕ್ರಮ: 1964, ಜಿನೀವಾ: ಅಂಕ್ಟಾಡ್ (ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಮ್ಮೇಳನ) ಪ್ರಥಮಾಧಿವೇಶನ, ರೌಲ್ ಪ್ರೆಬಿಷ್ ನೇತೃತ್ವ. 1968, ನವದೆಹಲಿ: ಪದ್ಧತಿಗೆ ಅಂಗೀಕಾರ. 1971: ಗ್ಯಾಟ್ (ಸುಂಕ ಮತ್ತು ವ್ಯಾಪಾರದ ಸಾಮಾನ್ಯ ಒಪ್ಪಂದ) ನಿಯಮದಿಂದ ಹತ್ತು ವರ್ಷಗಳ ವಿನಾಯಿತಿ. 1979: ‘ಎನೇಬ್ಲಿಂಗ್ ಕ್ಲಾಸ್’ ಮೂಲಕ ಶಾಶ್ವತಾಧಾರ.

3. ಗೊಂದಲ ಬೇಡ: ಜಿಎಸ್‌ಪಿ ಏಕಪಕ್ಷೀಯ, ಜಿಎಸ್‌ಟಿಪಿ (ವ್ಯಾಪಾರ ಆದ್ಯತೆಗಳ ಜಾಗತಿಕ ಪದ್ಧತಿ; 1988, ಬೆಲ್‌ಗ್ರೇಡ್) ಅಭಿವೃದ್ಧಿಶೀಲ ರಾಷ್ಟ್ರಗಳ ಪರಸ್ಪರ ಒಪ್ಪಂದ. ಎಂಎಫ್‌ಎನ್ (ಅತ್ಯಾಪ್ತ ರಾಷ್ಟ್ರ) ಸುಂಕ ಎಲ್ಲರಿಗೂ ಸಮಾನ. ಜಿಎಸ್‌ಪಿ ಅದಕ್ಕೆ ಅಪವಾದ.

4. ನಮ್ಮೂರಿನ ನಿದರ್ಶನ: ಅರಳೆಯನ್ನು ನೂಲಾಗಿಸಿ, ನೂಲನ್ನು ಬಟ್ಟೆಯಾಗಿಸಿ, ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಖ್ಯಾತಿಯನ್ನು ಪಡೆದ ದಾವಣಗೆರೆಯಂಥ ಗಿರಣಿ ನಗರಗಳಿಗೆ ಯಾವ ಸರಕು ಪ್ರಾಣವಾಗಿದ್ದಿತೋ, ಆ ಜವಳಿಯ ಬಹುಭಾಗವನ್ನೇ ಅಮೆರಿಕವು ತನ್ನ ರಿಯಾಯಿತಿ ಪಟ್ಟಿಯಿಂದ ಹೊರಗಿರಿಸಿದ್ದಿತು. ಇದು ಪದ್ಧತಿಯ ಮೂಲೋದ್ದೇಶಕ್ಕೆ ಒದಗಿದ ದೊಡ್ಡ ಕೊರತೆಯೆಂದೇ ನನ್ನ ಅಭಿಪ್ರಾಯ.

5. ಅಮೆರಿಕವು ಭಾರತದ ಜಿಎಸ್‌ಪಿ ಸೌಲಭ್ಯವನ್ನು ರದ್ದುಪಡಿಸಿದ ದಿನ: 2019ರ ಜೂನ್ 5.