ನೂರ ಹನ್ನೊಂದು ತಿರುಪುಮೊಳೆಗಳು

ರೇಡಿಯೊ ಕೆಟ್ಟಾಗ ಅದನ್ನು ದುರಸ್ತಿ ಮಾಡುವವನು ಹಿಂಬದಿಯ ಮುಚ್ಚಳವನ್ನು ತೆಗೆದು, ಕೆಟ್ಟ ಬಿಡಿಭಾಗ ಯಾವುದೆಂದು ಪರೀಕ್ಷಿಸಿ, ಬೆಸುಗೆಯನ್ನು ಕರಗಿಸಿ ಅದನ್ನು ಹೊರತೆಗೆದು, ಅಂಥದೇ ಹೊಸದೊಂದನ್ನು ಬೆಸೆಯುತ್ತಾನೆ. ಮೇಜಿನ ಮೇಲೆ ಹೆಚ್ಚು ಹೊತ್ತು ಹಿಡಿಯದ ಕೆಲಸವಿದು. ಆದರೆ ಕೆಟ್ಟ ಯಂತ್ರವು ಭೂಮಿಯಿಂದ ಸುಮಾರು 560 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತಿದ್ದರೆ ಇದೇ ಕೆಲಸ ಎಷ್ಟು ದುಸ್ತರವಾಗುತ್ತದೆ ಎಂಬುದನ್ನು ಹಬಲ್ ದೂರದರ್ಶಕದ ದುರಸ್ತಿಯಲ್ಲಿ ಕಾಣಬಹುದು.

ಅಮೆರಿಕದ ನಾಸಾ ಸಂಸ್ಥೆಯು 1990ರಲ್ಲಿ ಕಕ್ಷೆಗೆ ಏರಿಸಿದ ಈ ದೂರದರ್ಶಕದಲ್ಲಿ 1997ರಲ್ಲಿ ಒಂದು ರೋಹಿತಮಾಪಕವನ್ನು ಅಳವಡಿಸಲಾಯಿತು. ಪಟ್ಟಕವು ಬಿಸಿಲನ್ನು ಏಳು ಬಣ್ಣಗಳಾಗಿ ಬಿಡಿಸುವಂತೆ ಇದು ನಕ್ಷತ್ರಗಳ ಬೆಳಕನ್ನು ಬಿಡಿಸಿ, ಅವುಗಳಲ್ಲಿರುವ ಧಾತುಗಳನ್ನೂ ಉಷ್ಣತೆಯನ್ನೂ ವೇಗವನ್ನೂ ತಿಳಿಸುತ್ತದೆ. ಬೇರೊಂದು ಸೂರ್ಯನನ್ನು ಸುತ್ತುವ ಗ್ರಹಕ್ಕೂ ವಾಯುಮಂಡಲವಿದೆ, ಅದರಲ್ಲಿ ಸೋಡಿಯಮ್ ಇದೆ ಎಂಬುದನ್ನು 2001ರಲ್ಲಿ ಮೊತ್ತಮೊದಲಿಗೆ ತೋರಿಸಿಕೊಟ್ಟದ್ದು ಇದೇ ಉಪಕರಣ. ಇದನ್ನು ನಡೆಸಲು ಎರಡು ವಿದ್ಯುನ್ಮಂಡಲ ವ್ಯವಸ್ಥೆಗಳಿದ್ದವು. ಒಂದು 2001ರಲ್ಲಿ ಕೆಟ್ಟಿತು. ಇನ್ನೊಂದು 2004ರ ಆಗಸ್ಟ್ ತಿಂಗಳಲ್ಲಿ ನಿಂತುಹೋಯಿತು. ಸೋತದ್ದು 5 ವೋಲ್ಟಿನ ವಿದ್ಯುತ್ ಪರಿವರ್ತಕವೆಂಬ ಸಣ್ಣ ಭಾಗ ಮಾತ್ರ. ಅಷ್ಟರಿಂದಲೇ ಇಡೀ ಉಪಕರಣ ಕುರುಡಾಯಿತು.

ದುರಸ್ತಿಗೆ ಹೋಗುವುದು ಸುಲಭವಾಗಿರಲಿಲ್ಲ. 2003ರ ಫೆಬ್ರವರಿ 1ರಂದು ಕೊಲಂಬಿಯ ನೌಕೆಯು ಹಿಂದಿರುಗುವಾಗ ಛಿದ್ರವಾಗಿ, ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿ ಪ್ರಾಣ ತೆತ್ತಿದ್ದರು. ಆ ಆಘಾತದಿಂದ ಹಬಲ್ ಯಾತ್ರೆಯೇ ರದ್ದಾಯಿತು. 2006ರಲ್ಲಿ ಮತ್ತೆ ಒಪ್ಪಿಗೆ ದೊರೆತಾಗಲೂ, ಅಪಾಯ ಒದಗಿದರೆ ಯಾತ್ರಿಗಳನ್ನು ಕರೆತರಲು ಇನ್ನೊಂದು ನೌಕೆಯನ್ನು ಸಿದ್ಧವಾಗಿ ನಿಲ್ಲಿಸಬೇಕಾಯಿತು.

ಮುಖ್ಯ ತೊಡಕು ಉಪಕರಣದ ರಚನೆಯಲ್ಲಿಯೇ ಇತ್ತು. ಹಳೆಯ ಉಪಕರಣವನ್ನು ಇಡಿಯಾಗಿ ಕಳಚಿ ಹೊಸದನ್ನು ಕೂರಿಸಲು ಹಬಲ್‌ನಲ್ಲಿ ಅನುಕೂಲವಿತ್ತು. ಬಾಹ್ಯಾಕಾಶದಲ್ಲಿ ಅದರ ಹೊಟ್ಟೆಯೊಳಗೆ ಕೈಹಾಕುವುದನ್ನು ಯಾರೂ ಯೋಚಿಸಿರಲಿಲ್ಲ. ಕೆಟ್ಟ ಫಲಕದ ಮುಚ್ಚಳವನ್ನು 111 ಸಣ್ಣ ತಿರುಪುಮೊಳೆಗಳು ಬಿಗಿದು ಹಿಡಿದಿದ್ದವು. ದಪ್ಪ ಕೈಗವಸು ತೊಟ್ಟ ಬೆರಳಿಗೆ ಅವು ಸಿಕ್ಕುವಂಥವಲ್ಲ. ತೂಕವಿಲ್ಲದ ಆ ನೆಲೆಯಲ್ಲಿ ಒಂದು ಮೊಳೆ ತೇಲಿಹೋಗಿ ದೂರದರ್ಶಕದೊಳಗೆ ಸೇರಿದರೂ ಅನರ್ಥವೇ. ಆದುದರಿಂದ ಎಂಜಿನಿಯರರು ಪಾರದರ್ಶಕವಾದ ಒಂದು ತಟ್ಟೆಯನ್ನು ರಚಿಸಿದರು. ಮುಚ್ಚಳದ ಮೇಲೆ ಇದನ್ನು ಕೂರಿಸಿದರೆ, ಅದರ ಸಣ್ಣ ರಂಧ್ರಗಳ ಮೂಲಕ ತಿರುಪುಳಿಯ ಮೊನೆ ಒಳಗೆ ಹೋಗುತ್ತಿತ್ತು. ಕಳಚಿದ ಮೊಳೆ ಮಾತ್ರ ಹೊರಬರಲಾರದೆ ಒಳಗೇ ಸೆರೆಯಾಗುತ್ತಿತ್ತು. ಬೆಸುಗೆಯ ಕೆಲಸ ಅಲ್ಲಿ ಸಾಧ್ಯವಿಲ್ಲವಾದ್ದರಿಂದ ಬಿಡಿಭಾಗದ ಬದಲು ಇಡೀ ಫಲಕವನ್ನೇ ಬದಲಾಯಿಸಲು ನಿಶ್ಚಯಿಸಲಾಯಿತು.

2009ರ ಮೇ 17ರಂದು ಮೈಕ್ ಮ್ಯಾಸಿಮಿನೊ ಮತ್ತು ಮೈಕಲ್ ಗುಡ್ ಅಟ್ಲಾಂಟಿಸ್ ನೌಕೆಯಿಂದ ಹೊರಬಂದರು. ಮೊದಲು ತಟ್ಟೆಗೆ ಅಡ್ಡವಾಗಿದ್ದ ಒಂದು ಕೈಹಿಡಿಯನ್ನು ತೆಗೆಯಬೇಕಿತ್ತು. ಅದಕ್ಕಿದ್ದುದು ನಾಲ್ಕೇ ಮೊಳೆ. ಮೂರು ಸುಲಭವಾಗಿ ಬಂದವು. ನಾಲ್ಕನೆಯದರ ತಲೆ ಸವೆದು, ತಿರುಪುಳಿ ಸುಮ್ಮನೆ ಜಾರತೊಡಗಿತು. ನೂರ ಹನ್ನೊಂದಕ್ಕೆ ವರ್ಷಗಟ್ಟಲೆ ಸಿದ್ಧರಾಗಿ ಬಂದವರನ್ನು ಲೆಕ್ಕಕ್ಕೇ ಇಲ್ಲದ ಒಂದು ಮೊಳೆ ತಡೆದು ನಿಲ್ಲಿಸಿತು!

ಆಗ ಕೆಳಗೆ ಮೇರಿಲ್ಯಾಂಡಿನ ಗೊಡಾರ್ಡ್ ಕೇಂದ್ರದಲ್ಲಿ ಎಂಜಿನಿಯರರು ಅಂಥದೇ ಕೈಹಿಡಿಯೊಂದನ್ನು ಎಳೆದು ಮುರಿದು ನೋಡಿದರು. ಸುಮಾರು 27 ಕಿಲೋಗ್ರಾಮ್ ಭಾರವನ್ನು ಎತ್ತುವಷ್ಟು ಬಲ ಸಾಕೆಂದು ತಿಳಿಯಿತು. ಚೂರುಗಳು ಚೆಲ್ಲದಂತೆ ಮ್ಯಾಸಿಮಿನೊ ಕೈಹಿಡಿಗೆ ಅಂಟುಪಟ್ಟಿ ಸುತ್ತಿ, ಬಲವಾಗಿ ಎಳೆದರು, ಅದು ಕಿತ್ತುಬಂದಿತು. ಅಷ್ಟರಲ್ಲಿ ವಿದ್ಯುತ್ ತಿರುಪುಳಿಯೂ ಕೈಕೊಟ್ಟಿತು. ಬದಲಿಗಾಗಿ ನೌಕೆಯ ದ್ವಾರದವರೆಗೆ ಹೋಗಿಬರಬೇಕಾಯಿತು.

ಅನಂತರದ ಕೆಲಸ ಅಭ್ಯಾಸದಂತೆಯೇ ನಡೆಯಿತು. ಮೊಳೆಗಳೆಲ್ಲವೂ ತಟ್ಟೆಯೊಳಗೆ ಸೆರೆಯಾದವು. ಹಳೆಯ ಫಲಕವನ್ನು ಹೊರಗೆಳೆದು ಹೊಸದನ್ನು ಅದರ ಜಾಗಕ್ಕೆ ಜಾರಿಸಿದರು. ಹೊಸ ಮುಚ್ಚಳಕ್ಕೆ ಮೊಳೆಗಳ ಗೊಡವೆಯೇ ಇರಲಿಲ್ಲ. ಎರಡು ಸನ್ನೆಗಳನ್ನು ಒತ್ತಿದರೆ ಮುಗಿಯಿತು. ಎಲ್ಲವೂ ಮುಗಿಯುವ ಹೊತ್ತಿಗೆ 8 ಗಂಟೆ 2 ನಿಮಿಷ ಕಳೆದಿತ್ತು. ಭೂಮಿಯಿಂದ ವಿದ್ಯುತ್ ಹರಿಸಿ ಪರೀಕ್ಷಿಸಿದಾಗ ಐದು ವರ್ಷ ನಿಶ್ಚಲವಾಗಿದ್ದ ಉಪಕರಣ ಓಗೊಟ್ಟಿತು.

2012ರ ಡಿಸೆಂಬರ್ ತಿಂಗಳಲ್ಲಿ ಇದೇ ರೋಹಿತಮಾಪಕವನ್ನು ಗುರುಗ್ರಹದ ಚಂದ್ರಗಳಲ್ಲೊಂದಾದ ಯೂರೋಪದತ್ತ ತಿರುಗಿಸಲಾಯಿತು. ಹಿಮಾವೃತವಾದ ಅದರ ದಕ್ಷಿಣ ಧ್ರುವದ ಮೇಲೆ ನೀರಾವಿಯ ಸುಳಿವು ಕಂಡಿತು.