ನಾಲ್ಕಿಂಚೋ ಆರಿಂಚೋ: ಹಳೆಯ ರಿವಾಲ್ವರ್ ಕೊಳ್ಳುವ ಮುನ್ನ ಮಲೆನಾಡಿಗರು ತಿಳಿದಿರಬೇಕಾದ ಕಾನೂನು

ಸಂಸೆ, ಕಳಸ, ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ ಕೋವಿ ಹೊಸ ವಸ್ತುವೇನಲ್ಲ. ಕೇಪಿನ ಕೋವಿ, ಒಂಟಿ ನಳಿಗೆಯ ತೋಟಾ ಕೋವಿ, ಜೋಡು ನಳಿಗೆ ಹೀಗೆ ಒಂದಲ್ಲ ಒಂದು ಅಜ್ಜನ ಕಾಲದಿಂದ ಬಂದಿರುತ್ತದೆ. ಅದರ ಜೊತೆಗೆ ಹಳೆಯ ವೆಬ್ಲಿಯನ್ನೋ ಕೋಲ್ಟನ್ನೋ ಸಂಗ್ರಹಕ್ಕೆಂದು ಕೊಳ್ಳುವ ಆಸೆ ಕೆಲವರಿಗಿದೆ. ಅವರು ಮೊದಲು ಕೇಳುವುದು ನಳಿಗೆಯ ಉದ್ದದ ಬಗ್ಗೆ. ಗಿಡ್ಡ ನಳಿಗೆಯದು ಕೊಳ್ಳಲೋ, ಉದ್ದದ್ದು ಕೊಳ್ಳಲೋ?

ಈ ಪ್ರಶ್ನೆಗೆ ಉತ್ತರ ಚಿಕ್ಕದು. ರಿವಾಲ್ವರಿನ ನಳಿಗೆಯನ್ನು ಮೂತಿಯಿಂದ ಗುಂಡಿನ ಗಾಲಿಯ (ಸಿಲಿಂಡರ್) ಮುಂಭಾಗದವರೆಗೆ ಅಳೆಯುತ್ತಾರೆ. ಗಾಲಿಯ ಉದ್ದ ಲೆಕ್ಕಕ್ಕೆ ಬರುವುದಿಲ್ಲ. 1915ರಲ್ಲಿ ಬ್ರಿಟಿಷ್ ಸೇನೆಗೆ ಬಂದ ವೆಬ್ಲಿ ಮಾರ್ಕ್ 6ರ ನಳಿಗೆ 6 ಇಂಚು. ಅನಂತರದ ಎನ್‌ಫೀಲ್ಡ್ ನಂಬರ್ 2ರದು 5 ಇಂಚು. ಸ್ಮಿತ್ ಅಂಡ್ ವೆಸನ್ ಮಾಡೆಲ್ 10 ಎಂಬುದು 2, 4, 6 ಇಂಚುಗಳಲ್ಲಿ ಬಂದಿದೆ. ನಳಿಗೆ ಉದ್ದವಾದಷ್ಟೂ ಮುಂದಿನ ಮತ್ತು ಹಿಂದಿನ ಗುರಿಕಣ್ಣುಗಳ ನಡುವೆ ಅಂತರ ಹೆಚ್ಚಿ ಗುರಿ ನಿಲ್ಲಿಸುವುದು ಸುಲಭವಾಗುತ್ತದೆ. ಗಿಡ್ಡವಾದಷ್ಟೂ ಒಯ್ಯುವುದು ಸುಲಭ, ಮೂತಿಯ ಬೆಂಕಿ ಹೆಚ್ಚು. ಸಂಗ್ರಹಕಾರನಿಗೆ ಕಾರ್ಖಾನೆಯಿಂದ ಬಂದ ಮೂಲ ಉದ್ದವೇ ಬೆಲೆಯುಳ್ಳದ್ದು. ಭಾರತದ ಕಾನೂನು ರಿವಾಲ್ವರಿನಲ್ಲಿ ನಾಲ್ಕಿಂಚು, ಆರಿಂಚು ಎಂದು ಭೇದ ಮಾಡುವುದಿಲ್ಲ. ಅದು ನೋಡುವುದು ಬೇರೆ ಸಂಗತಿಗಳನ್ನು. ಅವುಗಳನ್ನು ತಿಳಿಯದೆ ಮುಂಗಡ ಕೊಟ್ಟರೆ ಹಣದ ಜೊತೆಗೆ ಸ್ವಾತಂತ್ರ್ಯವನ್ನೂ ಕಳೆದುಕೊಳ್ಳುವ ಅಪಾಯವಿದೆ. ಅದಕ್ಕಾಗಿಯೇ ಈ ಬರಹ.

ಮೊದಲು ಬೋರ್. ಸೇನೆ ಮತ್ತು ಪೊಲೀಸರ ಗುಂಡು ಹಾಕಬಹುದಾದ .38, .455 ಬೋರಿನ ರಿವಾಲ್ವರುಗಳು ನಿಷೇಧಿತ ಬೋರಿನ ವರ್ಗಕ್ಕೆ ಸೇರುತ್ತವೆ. ಅವುಗಳಿಗೆ ಜಿಲ್ಲಾಧಿಕಾರಿ ಲೈಸೆನ್ಸ್ ಕೊಡುವಂತಿಲ್ಲ. 1959ರ ಆಯುಧ ಕಾಯ್ದೆಯ 7ನೇ ಕಲಂ ಪ್ರಕಾರ ಕೇಂದ್ರ ಸರ್ಕಾರದ ವಿಶೇಷ ಅನುಮತಿ ಬೇಕು. ಸಂಗ್ರಹಕಾರರು ಹೆಚ್ಚು ಇಷ್ಟಪಡುವ ಹಳೆಯ ಬ್ರಿಟಿಷ್ ರಿವಾಲ್ವರುಗಳಲ್ಲಿ ಬಹುಪಾಲು ಈ ಬೋರಿನವೇ ಎಂಬುದನ್ನು ಗಮನಿಸಿ. ಸಾಮಾನ್ಯ ನಾಗರಿಕರ ಲೈಸೆನ್ಸಿನಲ್ಲಿ ಕಾಣುವುದು .32 ಬೋರ್. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಹೊರತಂದ, ಸುಮಾರು 500 ಗ್ರಾಂ ತೂಗುವ ‘ನಿರ್ಭೀಕ್’ ಕೂಡ ಅದೇ ಬೋರಿನದು.

ಎರಡನೆಯದು ಕತ್ತರಿಸಿದ ನಳಿಗೆ. ಉದ್ದ ನಳಿಗೆಯದನ್ನು ಕೊಂಡು ಆಮೇಲೆ ಗಿಡ್ಡ ಮಾಡಿಸಿಕೊಂಡರಾಯಿತು ಎಂದು ಯಾರಾದರೂ ಸಲಹೆ ಕೊಟ್ಟರೆ ಕಿವಿಗೊಡಬೇಡಿ. ಅದಕ್ಕೆಂದೇ ಪಡೆದ ಲೈಸೆನ್ಸ್ ಇಲ್ಲದೆ ಬಂದೂಕಿನ ನಳಿಗೆಯನ್ನು ಮೊಟಕು ಮಾಡುವುದನ್ನು 6ನೇ ಕಲಂ ನಿಷೇಧಿಸುತ್ತದೆ. 2019ರ ತಿದ್ದುಪಡಿಯ ನಂತರ ಈ ಅಪರಾಧಕ್ಕೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆಯಿದೆ. ಬೇರೆಯವರು ಕತ್ತರಿಸಿಟ್ಟದ್ದನ್ನು ತಿಳಿಯದೆ ಕೊಂಡರೂ ವಿವರಣೆ ಕೊಡುವ ಹೊರೆ ನಿಮ್ಮ ತಲೆಗೇ ಬರುತ್ತದೆ. ಮೂತಿಯ ಅಂಚು ಒರಟಾಗಿದ್ದರೆ, ಮುಂದಿನ ಗುರಿಕಣ್ಣನ್ನು ಹೊಸದಾಗಿ ಬೆಸೆದಂತಿದ್ದರೆ, ಆ ಮಾದರಿಯ ಕಾರ್ಖಾನೆ ಅಳತೆಗೆ ಉದ್ದ ಹೊಂದದಿದ್ದರೆ ವ್ಯಾಪಾರವನ್ನು ಅಲ್ಲಿಗೇ ಬಿಡಿ.

ಮೂರನೆಯದು ಗುರುತುಗಳು. ತಯಾರಕರ ಹೆಸರು ಮತ್ತು ನಂಬರನ್ನು ಅಳಿಸುವುದು, ತಿದ್ದುವುದು 8ನೇ ಕಲಂ ಪ್ರಕಾರ ಅಪರಾಧ. ಅಳಿಸಿದ ಗುರುತಿನ ಆಯುಧ ಯಾರ ಬಳಿ ಸಿಕ್ಕಿತೋ ಅವರೇ ಅಳಿಸಿದರೆಂದು ಕಾನೂನು ಭಾವಿಸುತ್ತದೆ. ಹಾಗಲ್ಲವೆಂದು ಸಾಬೀತು ಮಾಡಬೇಕಾದವರು ನೀವೇ. ಹೊಳಪು ಬರಲೆಂದು ಉಜ್ಜಿಸಿ ನಂಬರು ಮಾಸಿಹೋದ ಪಿಸ್ತೂಲು, ರಿವಾಲ್ವರ್ ಎಷ್ಟೇ ಅಂದವಾಗಿದ್ದರೂ ಬೇಡ.

“ಇದು ನೂರು ವರ್ಷ ಹಳೆಯದು, ಪುರಾತನ ವಸ್ತು, ಲೈಸೆನ್ಸ್ ಬೇಕಿಲ್ಲ” ಎಂಬ ಮಾತು ಮಾರುವವರ ಬಾಯಲ್ಲಿ ಸಾಮಾನ್ಯ. 45ನೇ ಕಲಂ ಹೇಳುವುದು ಬೇರೆ. ಹಳೆಯ ಮಾದರಿಯದು, ಪುರಾತನ ಮೌಲ್ಯದ್ದು ಅಥವಾ ಕೆಟ್ಟುಹೋದದ್ದು ಎಂಬುದಷ್ಟೇ ಸಾಲದು. ರಿಪೇರಿ ಮಾಡಿದರೂ ಮಾಡದಿದ್ದರೂ ಅದು ಬಂದೂಕಾಗಿ ಬಳಸಲಾಗದ ಸ್ಥಿತಿಯಲ್ಲಿರಬೇಕು. ಒಂದು ಸ್ಪ್ರಿಂಗ್ ಹಾಕಿದರೆ ಈಡು ಹಾರುವಂತಿದ್ದರೆ ವಿನಾಯಿತಿಯಿಲ್ಲ. 2020ರ ಫೆಬ್ರವರಿಯಲ್ಲಿ ಕೇಂದ್ರ ಗೃಹ ಸಚಿವಾಲಯ ನಿಯಮ ತಿದ್ದಿ, ಅಪರೂಪದ ಪ್ರದರ್ಶನ ವಸ್ತುವಿನ ವರ್ಗಕ್ಕೆ ಬರುವ ಸಣ್ಣ ಆಯುಧಗಳನ್ನು ಪಡೆಯಲು, ಇಟ್ಟುಕೊಳ್ಳಲು ಭಾರತೀಯ ನಾಗರಿಕರಿಗೆ ಲೈಸೆನ್ಸ್ ಬೇಕಿಲ್ಲವೆಂದಿತು. ಅದೇ ಉಸಿರಿನಲ್ಲಿ, ಅವನ್ನು ಬಳಸಲು, ಒಯ್ಯಲು, ಸಾಗಿಸಲು ಲೈಸೆನ್ಸ್ ಬೇಕೇ ಬೇಕು ಎಂದೂ ಹೇಳಿತು. ಅಂದರೆ ಬೆಂಗಳೂರಿನಲ್ಲಿ ಕೊಂಡು ಕಾರಿನಲ್ಲಿ ಸಂಸೆಗೆ ತರುವ ಪ್ರಯಾಣಕ್ಕೇ ಲೈಸೆನ್ಸ್ ಬೇಕು. ನಿಮ್ಮ ವಸ್ತು ಆ ವರ್ಗಕ್ಕೆ ಸೇರುತ್ತದೆಂದು ಅಂಗಡಿಯವರು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟು ಲಿಖಿತ ಉತ್ತರ ಪಡೆದ ನಂತರವೇ ಹಣ ಕೊಡಿ. ನೂರು ವರ್ಷ ದಾಟಿದ ಪುರಾತನ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ ಎಂದು 1972ರ ಪುರಾತನ ವಸ್ತುಗಳ ಕಾಯ್ದೆ ಹೇಳುತ್ತದೆ. ಅಮೆರಿಕದಲ್ಲಿರುವ ಮಗ ಅಜ್ಜನ ನೆನಪಿಗೆ ಕೇಳಿದರೂ ಕಳಿಸುವ ದಾರಿಯಿಲ್ಲ.

ಈಗ ಕಾನೂನು ನಿಜವಾಗಿ ಅಳೆಯುವ ನಳಿಗೆಗೆ ಬರೋಣ. ಮಲೆನಾಡಿನ ರೈತರಿಗೆ ಇದು ರಿವಾಲ್ವರಿಗಿಂತ ಎಷ್ಟೋ ಮುಖ್ಯ. ಆಯುಧ ಕಾಯ್ದೆಯ 13(3) ಕಲಂ ಲೈಸೆನ್ಸ್ ಕೋರಿಕೆಗಳನ್ನು ಎರಡು ಗುಂಪು ಮಾಡುತ್ತದೆ. ನಳಿಗೆ 20 ಇಂಚಿಗೆ ಕಡಿಮೆಯಿಲ್ಲದ, ಒಳಗೆ ಸುರುಳಿಗೆರೆಯಿಲ್ಲದ ನುಣುಪು ನಳಿಗೆಯ ಕೋವಿಯನ್ನು ರಕ್ಷಣೆಗೆ ಅಥವಾ ಕ್ರೀಡೆಗೆಂದು ಕೇಳಿದರೆ, ಇಲ್ಲವೇ ಪ್ರಾಮಾಣಿಕವಾಗಿ ಬೆಳೆ ರಕ್ಷಣೆಗೆಂದು ಮೂತಿಯಿಂದ ಮದ್ದು ತುಂಬುವ ಕೋವಿ ಕೇಳಿದರೆ, ಅಧಿಕಾರಿ ಲೈಸೆನ್ಸ್ ಕೊಡತಕ್ಕದ್ದು. ಬೆಳೆ ರಕ್ಷಣೆಗೆ ಆ ಕೋವಿ ಸಾಲದೆಂದು ಅಧಿಕಾರಿಗೆ ಕಂಡುಬಂದರೆ ಬೇರೆ ನುಣುಪು ನಳಿಗೆಯ ಕೋವಿಗೂ ಕೊಡಬಹುದು. ರಿವಾಲ್ವರ್, ಪಿಸ್ತೂಲು, ರೈಫಲ್ ಸೇರಿದಂತೆ ಉಳಿದವೆಲ್ಲ ಸಾಮಾನ್ಯವಾಗಿ ಎರಡನೆಯ ಗುಂಪು. ಅಲ್ಲಿ ನಿಮಗೆ ಆ ಆಯುಧ ಬೇಕೆನ್ನಲು ತಕ್ಕ ಕಾರಣವಿದೆಯೆಂದು ಅಧಿಕಾರಿಗೆ ಮನವರಿಕೆಯಾಗಬೇಕು.

ಈ ವ್ಯತ್ಯಾಸ ದೊಡ್ಡದು. ಕಾಡುಹಂದಿ, ಮಂಗ, ಕಾಟಿಗಳ ಕಾಟದಿಂದ ಬೆಳೆ ಕಳೆದುಕೊಳ್ಳುವ ಸಂಸೆಯ ಸಣ್ಣ ಹಿಡುವಳಿದಾರನ ಕೋವಿ ಅರ್ಜಿಗೆ ಕಾನೂನಿನಲ್ಲಿ ಬಲವಿದೆ. ಗೋಡೆಯ ಮೇಲೆ ಚೆಂದ ಕಾಣಲೆಂದು ರಿವಾಲ್ವರ್ ಕೇಳುವ ಅರ್ಜಿಗೆ ಆ ಬಲವಿಲ್ಲ. ಆಸ್ತಿ ಕಡಿಮೆಯಿದೆ ಎಂಬ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸಬಾರದೆಂದು 14ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಹತ್ತು ಗುಂಟೆ ಗದ್ದೆಯವನೂ ಅರ್ಜಿ ಹಾಕಬಹುದು ಎಂಬುದನ್ನು ನಮ್ಮ ಜನ ತಿಳಿಯಬೇಕು. ಆದರೆ ಬೆಳೆ ರಕ್ಷಣೆಯ ಲೈಸೆನ್ಸ್ ಬೇಟೆಗೆ ಕೊಟ್ಟ ಪರವಾನಗಿಯಾಗುವುದಿಲ್ಲ. ಕಾಡುಪ್ರಾಣಿಯನ್ನು ಕೊಲ್ಲಲು 1972ರ ವನ್ಯಜೀವಿ ಕಾಯ್ದೆಯ 11ನೇ ಕಲಂ ಪ್ರಕಾರ ಅರಣ್ಯ ಅಧಿಕಾರಿಯ ಲಿಖಿತ ಆದೇಶ ಪ್ರತ್ಯೇಕವಾಗಿ ಬೇಕು.

ಸಂಸೆಯವರಿಗೆ ಇನ್ನೊಂದು ಮಾತು ಬಿಡದೆ ಹೇಳಬೇಕು. ಊರು ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಹತ್ತಿಕೊಂಡಿದೆ. ಅಭಯಾರಣ್ಯದ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಮ್ಮತಿಯಿಲ್ಲದೆ ಹೊಸ ಆಯುಧ ಲೈಸೆನ್ಸ್ ಕೊಡುವಂತಿಲ್ಲ ಎಂದು ವನ್ಯಜೀವಿ ಕಾಯ್ದೆಯ 34ನೇ ಕಲಂ ಹೇಳುತ್ತದೆ. ಮೊದಲೇ ಲೈಸೆನ್ಸ್ ಇರುವವರು ಹೆಸರು ನೋಂದಾಯಿಸಬೇಕೆಂದೂ ಅದರಲ್ಲಿದೆ. 35ನೇ ಕಲಂ ಮೂಲಕ ಇದು ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯ. ಅರ್ಜಿ ತಿಂಗಳುಗಟ್ಟಲೆ ಕದಲದಿದ್ದರೆ ಕಡತ ಅರಣ್ಯ ಇಲಾಖೆಯ ಸಮ್ಮತಿಗೆ ಕಾಯುತ್ತಿದೆಯೇ ಎಂದು ವಿಚಾರಿಸಿ. ಲೈಸೆನ್ಸ್ ಇದ್ದರೂ ಲಿಖಿತ ಅನುಮತಿಯಿಲ್ಲದೆ ಉದ್ಯಾನದೊಳಗೆ ಆಯುಧ ಒಯ್ಯುವುದು 31ನೇ ಕಲಂ ಪ್ರಕಾರ ಅಪರಾಧ. ತೋಟದಿಂದ ತೋಟಕ್ಕೆ ಹೋಗುವ ಕಾಲುದಾರಿ ಉದ್ಯಾನದ ಗಡಿಯೊಳಗೆ ಹಾದಿದ್ದರೆ ಕೋವಿ ಹೆಗಲಿಗೇರಿಸಿ ಆ ದಾರಿ ಹಿಡಿಯಬೇಡಿ.

ಕೊಡಗಿನಲ್ಲಿ ನೆಂಟರಿರುವವರು “ಅಲ್ಲಿ ಲೈಸೆನ್ಸೇ ಬೇಡವಲ್ಲ” ಎನ್ನುತ್ತಾರೆ. ಅಲ್ಲಿ ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವುದು ಆಯುಧ ಕಾಯ್ದೆಯ 41ನೇ ಕಲಂ ಕೆಳಗಿನ ವಿಶೇಷ ವಿನಾಯಿತಿ. ಅದನ್ನು 2019ರಲ್ಲಿ ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ ಮುಂದುವರಿಸಲಾಯಿತು. ರಾಜ್ಯ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ಅದನ್ನು ಎತ್ತಿಹಿಡಿಯಿತು. ಚಿಕ್ಕಮಗಳೂರು ಜಿಲ್ಲೆಗೆ ಅಂಥ ವಿನಾಯಿತಿ ಇಲ್ಲ.

ಅರ್ಜಿ ಕೊಡಬೇಕಾದದ್ದು ಜಿಲ್ಲಾ ಮ್ಯಾಜಿಸ್ಟ್ರೇಟರೂ ಆಗಿರುವ ಜಿಲ್ಲಾಧಿಕಾರಿಯವರಿಗೆ. ವಯಸ್ಸು 21 ತುಂಬಿರಬೇಕು. ಗುರುತು ಮತ್ತು ವಿಳಾಸದ ದಾಖಲೆ, ವೈದ್ಯಕೀಯ ಪ್ರಮಾಣಪತ್ರ, ಆಯುಧ ಬಳಕೆಯ ಸುರಕ್ಷತಾ ತರಬೇತಿ ಪಡೆದ ಪತ್ರ ಬೇಕಾಗುತ್ತವೆ. ಬೆಳೆ ರಕ್ಷಣೆಯ ಅರ್ಜಿಯಾದರೆ ಪಹಣಿಯ ಜೊತೆಗೆ ಹಾನಿಯ ಫೋಟೋ, ಹಿಂದೆ ಅರಣ್ಯ ಇಲಾಖೆಗೆ ಪರಿಹಾರ ಕೇಳಿದ ಅರ್ಜಿಯ ಪ್ರತಿ ಇಡಿ. ಇವೇ ನಿಮ್ಮ ಪರ ಮಾತಾಡುವ ಸಾಕ್ಷಿಗಳು. 2016ರ ಆಯುಧ ನಿಯಮಗಳ ಪ್ರಕಾರ ಠಾಣೆಯ ವರದಿಗೆ 30 ದಿನ, ವರದಿ ಬಂದ ಮೇಲೆ ತೀರ್ಮಾನಕ್ಕೆ 60 ದಿನದ ಗಡುವಿದೆ. ನಿರಾಕರಿಸಿದರೆ ಕಾರಣವನ್ನು ದಾಖಲಿಸಿ, ನೀವು ಕೇಳಿದಾಗ ಬರೆದೇ ಕೊಡಬೇಕು. ಅದನ್ನು ಬಹಿರಂಗಪಡಿಸುವುದು ಸಾರ್ವಜನಿಕ ಹಿತಕ್ಕೆ ಧಕ್ಕೆ ಎಂದಾದಾಗ ಮಾತ್ರ ತಡೆಹಿಡಿಯಬಹುದು. ‘ಅರ್ಜಿ ಪರಿಗಣಿಸಲಾಗಿಲ್ಲ’ ಎಂಬ ಒಂದು ಸಾಲಿನ ಹಿಂಬರಹಕ್ಕೆ ತೃಪ್ತಿಪಡಬೇಡಿ. ಆಯುಧ ಕಾಯ್ದೆಯ 18ನೇ ಕಲಂ ಕೆಳಗೆ ಮೇಲ್ಮನವಿಗೆ ಅವಕಾಶವಿದೆ.

ನಮ್ಮ ಕಡೆ ಜನ ಹೆಚ್ಚು ಸಂಕಟಕ್ಕೆ ಸಿಗುವುದು ಹೊಸ ಆಯುಧ ಕೊಳ್ಳುವಾಗ ಅಲ್ಲ, ಹಿರಿಯರು ತೀರಿಕೊಂಡಾಗ. ಲೈಸೆನ್ಸ್ ವ್ಯಕ್ತಿಗೆ ಸೇರಿದ್ದು, ಮನೆಗೆ ಸೇರಿದ್ದಲ್ಲ. ಅಪ್ಪ ತೀರಿಕೊಂಡ ಮೇಲೆ ಅವರ ಕೋವಿ ಮೂಲೆಯಲ್ಲಿ ಹಾಗೇ ನಿಂತಿದ್ದರೆ, ಅದು ಲೈಸೆನ್ಸಿಲ್ಲದ ಆಯುಧವನ್ನು ಮನೆಯವರು ಇಟ್ಟುಕೊಂಡಂತೆ. ಅದಕ್ಕೆ ಈಗ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷದ ಸಜೆ. ನಿಷೇಧಿತ ಬೋರಿನದಾದರೆ 7ರಿಂದ 14 ವರ್ಷ. ಸೂತಕ ಕಳೆಯುತ್ತಿದ್ದಂತೆ, ಸಾಧ್ಯವಾದರೆ ಅದಕ್ಕೂ ಮುಂಚೆ, ಹತ್ತಿರದ ಠಾಣೆಗೆ ಬರಹದಲ್ಲಿ ತಿಳಿಸಿ, 21ನೇ ಕಲಂ ಪ್ರಕಾರ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲಿ ಠೇವಣಿಯಿಟ್ಟು ರಸೀದಿ ಪಡೆಯಿರಿ. ಠೇವಣಿಯಿಟ್ಟರೆ ಕೋವಿ ಹೋಯಿತು ಎಂಬ ಭಯ ಬೇಡ. ವಾರಸುದಾರರಲ್ಲಿ ಒಬ್ಬರು ಉಳಿದವರ ಒಪ್ಪಿಗೆ ಪತ್ರದೊಂದಿಗೆ 2016ರ ನಿಯಮಗಳ 25ನೇ ನಿಯಮದಡಿ ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು. ಆದರೆ ವರ್ಷಗಟ್ಟಲೆ ಕೇಳದೆ ಬಿಟ್ಟರೆ ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳಬಹುದು.

ಇದಕ್ಕಿಂತ ಒಳ್ಳೆಯ ದಾರಿ ಹಿರಿಯರು ಇರುವಾಗಲೇ ಇದೆ. ಲೈಸೆನ್ಸುದಾರರಿಗೆ 70 ವರ್ಷ ತುಂಬಿದರೆ ಅಥವಾ ಆಯುಧ ಅವರ ಬಳಿ 25 ವರ್ಷ ಇದ್ದರೆ, ಯಾವುದು ಮೊದಲೋ ಆಗ, ಅವರು ಸೂಚಿಸಿದ ವಾರಸುದಾರರ ಹೆಸರಿಗೆ ಅದೇ ನಿಯಮದಡಿ ಲೈಸೆನ್ಸ್ ಕೊಡಬಹುದು. ಹೆಣ್ಣುಮಕ್ಕಳೂ ವಾರಸುದಾರರೇ. ಗಂಡ ತೀರಿಹೋಗಿ ಒಂಟಿ ಮನೆಯಲ್ಲಿ ತೋಟ ನೋಡಿಕೊಳ್ಳುವ ಹೆಂಗಸಿಗೆ ಈ ಹಕ್ಕನ್ನು ಯಾರೂ ತಿಳಿಸಿ ಹೇಳದಿರುವುದು ನನಗೆ ಬಹಳ ನೋವಿನ ಸಂಗತಿ.

2019ರ ಡಿಸೆಂಬರ್ 14ರಿಂದ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳು ಎರಡು ಮಾತ್ರ; ಮೊದಲು ಮೂರಿತ್ತು. ಕೆಲವು ಕ್ರೀಡಾಪಟುಗಳನ್ನು ಬಿಟ್ಟರೆ ಬಳುವಳಿಯಾಗಿ ಬಂದದ್ದೂ ಈ ಲೆಕ್ಕಕ್ಕೇ ಸೇರುತ್ತದೆ. ಮನೆಯಲ್ಲಿ ನಿಮ್ಮ ಹೆಸರಿಗೆ ಎರಡು ಕೋವಿ ಇದ್ದರೆ ಮೂರನೆಯದಾಗಿ ರಿವಾಲ್ವರಿಗೆ ಜಾಗವಿಲ್ಲ. ಲೈಸೆನ್ಸ್ ಇರುವ ಇನ್ನೊಬ್ಬ ಖಾಸಗಿ ವ್ಯಕ್ತಿಯಿಂದ ಕೊಳ್ಳುವುದಾದರೆ, ಮಾರುವವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಠಾಣೆಗೆ ಬರಹದಲ್ಲಿ ತಿಳಿಸಿ 45 ದಿನ ಕಳೆದ ಮೇಲಷ್ಟೇ ಕೈ ಬದಲಾಗಬೇಕು.

ಚುನಾವಣೆ ಬಂದಾಗ ಕೋವಿ ಠೇವಣಿಯ ಗೋಳು ಬೆಳೆಗಾರರಿಗೆಲ್ಲ ಗೊತ್ತು. ಚುನಾವಣಾ ಆಯೋಗದ ಸೂಚನೆಯಂತೆ ಜಿಲ್ಲಾ ಪರಿಶೀಲನಾ ಸಮಿತಿ ಪ್ರತಿ ಲೈಸೆನ್ಸನ್ನೂ ನೋಡಿ ಯಾರಿಂದ ಠೇವಣಿ ಬೇಕೆಂದು ತೀರ್ಮಾನಿಸಬೇಕು. ಬೆಳೆ ರಕ್ಷಣೆಗೆ, ಒಂಟಿ ಮನೆಯ ಭದ್ರತೆಗೆ ಕೋವಿ ಬೇಕಾದವರು ಆ ಸಮಿತಿಗೆ ವಿನಾಯಿತಿ ಕೋರಿ ಅರ್ಜಿ ಕೊಡಿ. ಠೇವಣಿ ಇಡಲೇಬೇಕಾದರೆ ರಸೀದಿಯಿಲ್ಲದೆ ಠಾಣೆಯಿಂದ ಹೊರಡಬೇಡಿ.

ಅಟ್ಟದ ಮೇಲೆ ಯಾವ ಕಾಗದವೂ ಇಲ್ಲದ ಹಳೆಯ ಕೋವಿಯೋ ರಿವಾಲ್ವರೋ ಸಿಕ್ಕರೆ ಅದನ್ನು ಜೀಪಿನಲ್ಲಿ ಹಾಕಿಕೊಂಡು ಬೆಲೆ ಕಟ್ಟಿಸಲು ಹೋಗಬೇಡಿ, ಕಾಡಿಗೆ ಎಸೆಯಲೂ ಬೇಡಿ. ವಕೀಲರೊಬ್ಬರ ಸಲಹೆ ಪಡೆದು, ಸಿಕ್ಕ ದಿನಾಂಕ ಮತ್ತು ಜಾಗವನ್ನು ಬರೆದು ಠಾಣೆಗೆ ಮೊದಲು ತಿಳಿಸಿ, ಅವರು ಹೇಳಿದಂತೆ ಒಪ್ಪಿಸಿ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವಿದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಅದು ಸಿಗುತ್ತದೆ. ಸಹಾಯವಾಣಿ ಸಂಖ್ಯೆ 15100. ಇವತ್ತೇ ಮನೆಯ ಲೈಸೆನ್ಸ್ ಪುಸ್ತಕ ತೆಗೆದು, ಅದು ಯಾರ ಹೆಸರಿನಲ್ಲಿದೆ, ಅವಧಿ ಯಾವಾಗ ಮುಗಿಯುತ್ತದೆ, ಕೋವಿಯ ನಂಬರಿಗೂ ಪುಸ್ತಕದ ನಂಬರಿಗೂ ತಾಳೆಯಾಗುತ್ತದೆಯೇ ಎಂದು ನೋಡಿ. ತಾಳೆಯಾಗದಿದ್ದರೆ ನಾಳೆಯೇ ಅರ್ಜಿ ಬರೆಯಿರಿ.