ಪೊಲೀಸರೂ ಪಾಠ ಕಲಿಯುತ್ತಾರೆ

"ಅಕ್ಕಾ, ಪೊಲೀಸರೂ ನಮ್ಮ ಹಾಗೆ ಸ್ಲೇಟು ಹಿಡಿದು ಕೂರ್ತಾರಾ?"

ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ತಾಯಿ ಕೇಳಿದರು. ಎಲ್ಲರೂ ನಕ್ಕರು. ಪ್ರಶ್ನೆ ಮಾತ್ರ ಚೆನ್ನಾಗಿದೆ.

ಖಾಕಿ ಬಟ್ಟೆ ಸುಮ್ಮನೆ ಸಿಗೋದಿಲ್ಲ. ನಮ್ಮ ಕರ್ನಾಟಕದಲ್ಲಿ ಠಾಣೆಯ ಕಾನ್‌ಸ್ಟೇಬಲ್ ಆಗಲು ಪಿ.ಯು.ಸಿ. ಪಾಸಾಗಿರಬೇಕು. ಸಬ್ ಇನ್ಸ್‌ಪೆಕ್ಟರ್ ಆಗಲು ಡಿಗ್ರಿ ಬೇಕು. ಬರೆಯುವ ಪರೀಕ್ಷೆ ಇದೆ. ಓಟ, ಜಿಗಿತದ ಪರೀಕ್ಷೆಯೂ ಇದೆ. ಕಾನ್‌ಸ್ಟೇಬಲ್ ಆಗುವ ಹೆಣ್ಣುಮಕ್ಕಳು 400 ಮೀಟರ್ ದೂರವನ್ನು 2 ನಿಮಿಷದಲ್ಲಿ ಓಡಬೇಕು. 4 ಕಿಲೋ ಗುಂಡು ಎಸೆಯಬೇಕು. ದಿನಾ ಕೊಡ ಹೊರುವ ನಮ್ಮ ಹುಡುಗಿಯರಿಗೆ ಇದೇನು ಆಗದ ಕೆಲಸ ಅಲ್ಲ ಬಿಡಿ.

ಆಯ್ಕೆ ಆದವರು ಸೀದಾ ಠಾಣೆಗೆ ಬರೋದಿಲ್ಲ. ಮೊದಲು ತರಬೇತಿ ಶಾಲೆಗೆ ಹೋಗಬೇಕು. ಚನ್ನಪಟ್ಟಣದಲ್ಲಿ ಇಂಥ ಶಾಲೆ ಇದೆ. ಮೈಸೂರಿನಲ್ಲಿ ಪೊಲೀಸ್ ಅಕಾಡೆಮಿ ಇದೆ. ಬೆಳಿಗ್ಗೆ ಕವಾಯತು. ಆಮೇಲೆ ಕಾನೂನಿನ ಪಾಠ. ಕೊನೆಗೆ ಮತ್ತೆ ಪರೀಕ್ಷೆ.

2024ರ ಜುಲೈ 1ರಿಂದ ಹೊಸ ಕಾನೂನು ಜಾರಿಗೆ ಬಂತು. ಹೆಸರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಹೆಸರು ಉದ್ದ. ನಾಲಿಗೆ ತಿರುಗದಿದ್ದರೂ ಪರವಾಗಿಲ್ಲ, ಒಳಗಿನ ಮಾತು ತಿಳಿದುಕೊಳ್ಳಿ. ಏಕೆಂದರೆ ಪೊಲೀಸರು ಕಲಿಯುವ ಈ ಪಾಠದಲ್ಲಿ ನಮ್ಮ ವಿಷಯವೂ ಇದೆ.

ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಹೆಂಗಸರನ್ನು ಬಂಧಿಸುವ ಹಾಗಿಲ್ಲ. ತೀರಾ ವಿಶೇಷ ಕಾರಣ ಇದ್ದರೆ ಮಹಿಳಾ ಪೊಲೀಸ್ ಅಧಿಕಾರಿಯೇ ಬರೆದು ಕೊಟ್ಟು, ಮೊದಲೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು. ಹೆಂಗಸರ ಮೈ ತಪಾಸಣೆಯನ್ನು ಹೆಂಗಸರೇ ಮಾಡಬೇಕು, ಮರ್ಯಾದೆಯಿಂದ ಮಾಡಬೇಕು. ಸಾಕ್ಷಿ ಕೇಳಲು ಹೆಂಗಸನ್ನು ಠಾಣೆಗೆ ಬಾ ಎಂದು ಬಲವಂತ ಮಾಡುವಂತಿಲ್ಲ. ಪೊಲೀಸರೇ ಅವಳ ಮನೆಗೆ ಬರಬೇಕು. ಬಂಧಿಸಲು ಬಂದವರ ಹೆಸರು ಎಲ್ಲರಿಗೂ ಕಾಣುವ ಹಾಗೆ ಇರಬೇಕು. ಎದೆಯ ಮೇಲಿನ ಪಟ್ಟಿ ನೋಡಿ. ಈಗ ನಿಮಗೆ ಓದೋಕೆ ಬರುತ್ತಲ್ಲ!

ದೂರು ಕೊಡುವಾಗಲೂ ಅಷ್ಟೇ. ನೀವು ಬಾಯಲ್ಲಿ ಹೇಳಿದರೂ ಅವರು ಬರೆದುಕೊಳ್ಳಬೇಕು. ಬರೆದದ್ದನ್ನು ನಿಮಗೆ ಓದಿ ಹೇಳಬೇಕು. ಆಮೇಲೆ ನಿಮ್ಮ ರುಜು. ಮುಂಚೆ ಹೆಬ್ಬೆಟ್ಟು ಒತ್ತಿ ಎದ್ದು ಬರ್ತಿದ್ದಿರಿ. ಇನ್ನು ಮೇಲೆ ಕಾಗದ ಕೈಗೆ ತೆಗೆದುಕೊಳ್ಳಿ. ನಿಧಾನವಾಗಿ ಓದಿ. ನೀವು ಹೇಳಿದ್ದೇ ಇದೆಯಾ ನೋಡಿ. ಎಫ್.ಐ.ಆರ್. ಪ್ರತಿ ಕೇಳಿ ತನ್ನಿ. ಅದಕ್ಕೆ ಒಂದು ಪೈಸೆಯೂ ಕೊಡಬೇಕಾಗಿಲ್ಲ.

ಓದಿ, ಬರೆಯಿರಿ: ಠಾಣೆ, ದೂರು, ಪ್ರತಿ, ಅನುಮತಿ, ರುಜು.